ಸುಣ್ಣಜ್ಜಿಯ ಒಣ ಮನೆ

ಸುಣ್ಣ ಬಳಿಯುವುದರಲ್ಲಿ ಸುಣ್ಣಜ್ಜಿಯನ್ನು ಮೀರಿಸುವವರು ಆ ಕಡಲ ದಡದುದ್ದಕ್ಕೂ ಹುಡುಕಿದರೂ ಸಿಗುತ್ತಿರಲಿಲ್ಲ. ಬೆಳಗ್ಗೆ ಎದ್ದು ಬಕೆಟ್ಟಿನಲ್ಲಿ ಸುಣ್ಣ ಕಲಸಿದಳೆಂದರೆ, ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ಆರು ಕೋಣೆ ಮುಗಿದು, ಅನ್ನ ಇಳಿಸುವಷ್ಟರಲ್ಲಿ ಗೋಡೆ ಒಣಗಿ, ಉಣ್ಣಲು ಕೂತವರು ಆ ಬಿಳುಪಿಗೆ ಕಣ್ಣು ಕುಕ್ಕಿ ತುತ್ತನ್ನು ಬಾಯಿಯ ಬದಲು ಮೂಗಿಗೆ ಇಡುತ್ತಿದ್ದರು. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳೋಣ. ಕೋಣೆ ಇದ್ದದ್ದು ಮೂರೇ. ಒಂದೇ ಒಂದು ಸಲ ಬಿಟ್ಟರೆ, ಸೊಸೆಯ ಕೈ ಸೇರದೆ ಅಜ್ಜಿ ಒಂದು ಗೋಡೆಯನ್ನೂ ಮುಗಿಸಿದವಳಲ್ಲ. ಉಳಿದದ್ದು ನಿಜ ಅಂತಲೇ ಇಟ್ಟುಕೊಳ್ಳಿ.

ಇಷ್ಟೊಂದು ಸುಣ್ಣ ಯಾಕೆ ಅನ್ನುವುದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಬೀದಿಯ ಒಂದು ತುದಿಗೆ ದೋಣಿಗಳು ನಿಲ್ಲುವ ಕಟ್ಟೆ, ಇನ್ನೊಂದು ತುದಿಗೆ ಮುಖ್ಯರಸ್ತೆ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರ ಬಂದಾಗ ಸಮುದ್ರ ಮುಂಬಾಗಿಲಿಗೆ ಬರುತ್ತಿರಲಿಲ್ಲ. ಕಳ್ಳನ ಹಾಗೆ ಚರಂಡಿಯೊಳಗೆ ನುಗ್ಗಿ, ಬಚ್ಚಲಿನ ತೂತಿನಿಂದ ಗುಳುಗುಳು ಎಂದು ಎದ್ದು, ಅಡುಗೆಮನೆ ದಾಟಿ ಹಜಾರಕ್ಕೆ ಬಂದು ಕೂರುತ್ತಿತ್ತು. ಮುಂಚೆ ಇದು ವರ್ಷಕ್ಕೊಮ್ಮೆಯೂ ಇರಲಿಲ್ಲ. ಈಗೀಗ ಬರದೆ ಒಂದು ತಿಂಗಳು ಕಳೆದರೆ ಅದೇ ದೊಡ್ಡದು. ನೀರಿಳಿದ ಮೇಲೆ ಗೋಡೆಯ ಮೇಲೆ ಕಂದು ಗೆರೆಯೊಂದು ಉಳಿಯುತ್ತಿತ್ತು. ಆ ಗೆರೆ ಯಾರ ಕಣ್ಣಿಗೂ ಬೀಳಬಾರದು ಅಂತ ಈ ಸುಣ್ಣ.

ಶುರು ಮಾಡಿದವಳು ಅಜ್ಜಿ. ಅವಳ ಮನೆ ಹಾಲಿನಲ್ಲಿ ಅದ್ದಿ ತೆಗೆದ ಹಾಗಿರುವುದನ್ನು ನೋಡಿ ಪಕ್ಕದ ಬೇಕರಿಯಮ್ಮ ಬಳಿದಳು. ಅದನ್ನು ನೋಡಿ ಈ ಪಕ್ಕದ ಕ್ಷೌರದಂಗಡಿಯವನು ಬಳಿದ. ಹೀಗೆ ಬೀದಿಗೆ ಬೀದಿಯೇ ಬೆಳ್ಳಗಾಯಿತು. ನೀರು ಯಾರ ಮನೆಗೆ ಬಂತು ಎಂದರೆ ಎಲ್ಲರದೂ ಒಂದೇ ಮಾತು: "ನಮ್ಮನೆಗಿಲ್ಲಪ್ಪ, ಪಕ್ಕದವರ ಮನೆಗೆ ಬಂತಂತೆ."

ಇದರಲ್ಲಿ ಸೊಸೆಯ ಪಾಲೂ ಇತ್ತು. ಅವಳು ದರ್ಜಿ. ಹಜಾರದ ಕಿಟಕಿಗೆ ತಾಗಿಸಿ ಹೊಲಿಗೆ ಯಂತ್ರ, ಅದರ ಕಾಲಿಗೆ ಎರಡೆರಡು ಇಟ್ಟಿಗೆ. ಗಿರಾಕಿಗಳು ಮೂಗರಳಿಸಿ, "ಏನೋ ಮುಗ್ಗಲು ವಾಸನೆ" ಎಂದರೆ, "ಹೊಸ ಬಟ್ಟೆ ಗಂಜಿದು" ಎಂದು ಕಣ್ಣೆತ್ತದೆ ಹೇಳುತ್ತಿದ್ದಳು. ಯಂತ್ರ ಇಟ್ಟಿಗೆ ಹತ್ತಿ ಕೂತಿದ್ದು ಯಾಕೆ ಎಂದರೆ, "ಸೊಂಟ ನೋವು" ಎನ್ನುತ್ತಿದ್ದಳು.

ಪಟ್ಟಣದ ಕಚೇರಿಯಿಂದ ನಕ್ಷೆ ಮಾಡುವ ಮೇಡಂ ಬಂದ ದಿನ ಸೊಸೆ ಗುಂಡಿ, ನೂಲು ತರಲು ಪೇಟೆಗೆ ಹೋಗಿದ್ದಳು. ಮಗ ಕಟ್ಟೆಯ ಹತ್ತಿರ ದೋಣಿಯ ಇಂಜಿನ್ ಬಿಚ್ಚುತ್ತಿದ್ದ. ಮನೆಯಲ್ಲಿ ಇದ್ದವಳು ಅಜ್ಜಿ ಒಬ್ಬಳೇ. ಅವಳು ಏನು ಉತ್ತರ ಕೊಟ್ಟಳು ಎನ್ನುವುದು ಸೊಸೆಗೆ ಗೊತ್ತಾದದ್ದು ಸಂಜೆ ಊಟಕ್ಕೆ ಕೂತಾಗ.

"ಯಾವುದೋ ಹುಡುಗಿ ಟೇಪು ಹಿಡ್ಕೊಂಡು ಬಂದಿದ್ಲು" ಎಂದಳು ಅಜ್ಜಿ, ಮೀನಿನ ಮುಳ್ಳು ಬಿಡಿಸುತ್ತಾ. "ನಿಮ್ಮನೆಗೆ ನೀರು ಬರುತ್ತಾ ಅಂದ್ಲು. ದಿನಾ ಬೆಳಗ್ಗೆ ನಲ್ಲೀಲಿ ಬರುತ್ತಲ್ಲಮ್ಮ ಅಂದೆ. ಸಮುದ್ರದ್ದು ಅಜ್ಜಿ ಅಂದ್ಲು. ಸಮುದ್ರ ನಮ್ಮನೆ ಒಳಗೆ ಕಾಲಿಡ್ಬೇಕಾದ್ರೆ ನನ್ನ ಕೇಳ್ಬೇಕು ಅಂದೆ."

ಮೊಮ್ಮಗಳು ನಕ್ಕಳು. ಹೈಸ್ಕೂಲಿನ ಹುಡುಗಿ, ಅಜ್ಜಿಯ ಮಾತೆಂದರೆ ಪ್ರಾಣ. ಸೊಸೆ ನಗಲಿಲ್ಲ.

"ಅವರು ಯಾಕೆ ಬಂದಿದ್ದು ಅಂತ ಗೊತ್ತಾ ಅತ್ತೆ ನಿಮಗೆ?"

"ಸರಕಾರದೋರಿಗೆ ಬೇರೆ ಕೆಲಸ ಇಲ್ಲ, ಬಂದಿದ್ರು."

"ನೀರು ನುಗ್ಗೋ ಬೀದಿಗಳಿಗೆ ದಿಬ್ಬದ ಮೇಲೆ ಜಾಗ ಕೊಡ್ತಾರಂತೆ. ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಬೀದಿ ಪೂರ್ತಿ ಒಟ್ಟಿಗೆ ಎಬ್ಬಿಸಿ, ಒಟ್ಟಿಗೆ ಕೂರಿಸ್ತಾರಂತೆ."

"ಕೂರೋಕೆ ನನಗೆ ಜಾಗ ಇದೆ" ಎಂದಳು ಅಜ್ಜಿ. "ನಿಮ್ಮ ಮಾವ ಈ ಜಾಗ ಆರಿಸೋವಾಗ ಬೀದಿ ಪೂರ್ತಿ ನಡೆದು ನೋಡಿ, ಇದೇ ಎತ್ತರ ಅಂತ ಆರಿಸಿದ್ದು. ಊರಿಗೆಲ್ಲ ಹೇಳ್ಕೊಂಡು ಓಡಾಡಿದ್ರು."

"ಅದು ಆಗಿನ ಮಾತು."

"ಎತ್ತರ ಏನು ಸವೆದು ಹೋಗುತ್ತಾ?"

ಆಗ ಬಚ್ಚಲ ಕಡೆಯಿಂದ ಗುಳುಕ್ ಎಂದು ಸದ್ದಾಯಿತು. ನಾಲ್ಕೂ ಜನರ ಕೈ ತಟ್ಟೆಯ ಮೇಲೆ ನಿಂತಿತು. ಇನ್ನೊಮ್ಮೆ ಬರುತ್ತದೋ ಎಂದು ಎಲ್ಲರೂ ಕಿವಿಗೊಟ್ಟರು. ಬರಲಿಲ್ಲ.

"ಗಾಳಿ" ಎಂದ ಮಗ. ಅವನು ಅಮ್ಮನ ಕಡೆಯೂ ಅಲ್ಲ, ಹೆಂಡತಿಯ ಕಡೆಯೂ ಅಲ್ಲ, ತಟ್ಟೆಯ ಕಡೆ. "ಉಪ್ಪು ಕೊಡು."

ಮುಂದಿನ ವಾರ ಕಚೇರಿಯ ಗೇಟಿಗೆ ನಕ್ಷೆ ಅಂಟಿಸಿದರು. ನೋಡಿಕೊಂಡು ಬಂದ ಮೊಮ್ಮಗಳು ಚಪ್ಪಲಿ ಬಿಡುವ ಮೊದಲೇ ವರದಿ ಒಪ್ಪಿಸಿದಳು. ಎಬ್ಬಿಸುವ ಬೀದಿಗಳಿಗೆ ನೀಲಿ ಬಣ್ಣ, ಉಳಿಯುವ ಬೀದಿಗಳಿಗೆ ಬಿಳಿ. ಕಟ್ಟೆಯ ಆ ಕಡೆ, ಈ ಕಡೆ ಎಲ್ಲ ನೀಲಿ. ನಡುವೆ ಇವರ ಬೀದಿ ಒಂದು, ಹಲ್ಲಿನ ಹಾಗೆ, ಬಿಳಿ.

"ನೋಡಿದ್ಯಾ" ಎಂದಳು ಅಜ್ಜಿ, ಬಹುಮಾನ ಬಂದವಳಂತೆ. "ಬಣ್ಣ ಕೂಡ ಸರಿಯಾಗೇ ಹಾಕಿದ್ದಾರೆ."

ಸೊಸೆ ಅರ್ಧ ಹೊಲಿದ ಅಂಗಿಯನ್ನು ಯಂತ್ರದಲ್ಲೇ ಬಿಟ್ಟು ಕಚೇರಿಗೆ ನಡೆದಳು. ನಕ್ಷೆಯ ಮೇಡಂ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದಳು. ಮುಚ್ಚಳ ಮತ್ತೆ ಹಾಕಿ, "ಹೇಳಿ" ಎಂದಳು.

"ನಮ್ಮ ಬೀದಿಗೆ ನೀರು ಬರುತ್ತೆ. ತಪ್ಪು ಬರ್ಕೊಂಡಿದ್ದೀರಿ."

"ನಾನು ಮನೆ ಮನೆಗೂ ಬಂದೆನಮ್ಮ. ಮಂಚ ಸರಿಸಿ ಗೋಡೆ ನೋಡಿದೆ. ಒಂದು ಗೆರೆ ಇಲ್ಲ. ಕೇಳಿದ್ರೆ, ಪಕ್ಕದ ಮನೆಗೆ ಬರುತ್ತೆ, ನಮಗಿಲ್ಲ ಅಂದ್ರು. ಪಕ್ಕದ ಮನೆಗೆ ಹೋದ್ರೆ, ಅವರೂ ಅದನ್ನೇ ಹೇಳಿದ್ರು. ಕೊನೇ ಮನೆವರೆಗೂ ಹೀಗೇ ಕಳಿಸಿದ್ರು."

ಸೊಸೆಗೆ ನಗು ಬಂತು, ನಗದೆ ಮೇಜಿಗೆ ಕೈಯೂರಿ ನಿಂತಳು. "ಈಗ ನಾನು ಹೇಳ್ತಿದ್ದೀನಲ್ಲ, ಬರ್ಕೊಳ್ಳಿ."

"ಈಗ ತಿದ್ದೋದು ಒಂದೊಂದೇ ಮನೆ ಲೆಕ್ಕದಲ್ಲಿ. ನಿಮ್ಮ ಮನೆ ಯಾರ ಹೆಸರಲ್ಲಿದೆ?"

"ಅತ್ತೆ ಹೆಸರಲ್ಲಿ."

"ಗೋಡೇಲಿ ಗೆರೆ ಇಲ್ಲ ಅಂದ್ಮೇಲೆ ಅವರೇ ಹೇಳ್ಬೇಕು. ಇಲ್ಲ, ಎರಡೂ ಪಕ್ಕದ ಮನೆಯೋರು ಜಾಗ ಹಂಚೋ ಸಭೆಯಲ್ಲಿ ನಿಂತು ಹೇಳ್ಬೇಕು. ಅದು ನಿಯಮ."

"ಸಭೆಯಲ್ಲಿ ಆಗದಿದ್ರೆ? ಆಮೇಲೆ ಸೇರಿಸೋಕಾಗಲ್ವಾ?"

"ದಿಬ್ಬದ ಮೇಲಿನ ಜಾಗ ಅವತ್ತೇ ಹಂಚಿಬಿಡ್ತಾರೆ. ಆಮೇಲೆ ಹಂಚೋಕೆ ಏನೂ ಉಳಿಯಲ್ಲ."

"ಇಲ್ಲೇ ಉಳಿದೋರಿಗೆ?"

ಮೇಡಂ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತಳು. "ಒಡ್ಡು ಕಟ್ತಾರೆ. ಮುಖ್ಯರಸ್ತೆ ಉದ್ದಕ್ಕೂ."

ಮುಖ್ಯರಸ್ತೆ ಎಲ್ಲಿ, ತಮ್ಮ ಮನೆ ಎಲ್ಲಿ, ಸಮುದ್ರ ಎಲ್ಲಿ ಎಂದು ಸೊಸೆ ಮನಸ್ಸಿನಲ್ಲೇ ಜೋಡಿಸಿಕೊಂಡಳು. "ಅಂದ್ರೆ ನಾವು ಒಡ್ಡಿನಿಂದ ಆಚೆ. ಸಮುದ್ರದ ಜೊತೆ."

"ಒಣಗಿದ ಬೀದಿ ಅಂತ ನೀವೇ ಹೇಳಿದ್ದೀರಲ್ಲಮ್ಮ" ಎಂದಳು ಮೇಡಂ, ಬೇಸರದಿಂದಲೇ.

ಮನೆಗೆ ಬಂದು ಸೊಸೆ ಎಲ್ಲವನ್ನೂ ಹೇಳಿದಳು. ಅಜ್ಜಿ ಅಕ್ಕಿ ಆರಿಸುತ್ತಾ ಕೇಳಿದಳು. ಒಂದು ಕಲ್ಲು ಸಿಕ್ಕಿದಾಗ ಅದನ್ನು ಸೊಸೆಯ ಮುಖದ ಮುಂದೆ ಹಿಡಿದು ನೋಡಿ ಎಸೆದಳು.

"ಸಭೆಯಲ್ಲಿ ಒಂದೇ ಒಂದು ಮಾತು ಅತ್ತೆ. 'ಬರುತ್ತೆ' ಅಂದ್ರೆ ಸಾಕು."

"ಅಂದ್ರೆ, ನನ್ನ ಗಂಡನಿಗೆ ಎತ್ತರ ತಗ್ಗು ತಿಳೀತಿರಲಿಲ್ಲ ಅಂತ ಊರ ಮುಂದೆ ಹೇಳು ಅಂತೀಯ."

"ಮಾವನ ವಿಷಯ ಯಾರು ಎತ್ತಿದ್ರು? ಸಮುದ್ರ ಏರ್ತಿದೆ ಅಂತ ಅಷ್ಟೇ."

"ಒದ್ದೆ ಮನೆ ಅಂತ ಒಂದು ಸಲ ಹೆಸರು ಬೀಳ್ಲಿ. ನಿನ್ನ ಹತ್ರ ಹೊಸ ಬಟ್ಟೆ ತಂದು ಯಾರು ಕೊಡ್ತಾರೆ ನೋಡ್ತೀನಿ. ಗಂಜಿ ವಾಸನೆ ಅಂತ ಹೇಳೋಳು ನೀನಾ, ನಾನಾ?"

ಈ ಮಾತು ಸೊಸೆಗೆ ನಾಟಿತು. "ಹೌದು, ಹೇಳಿದ್ದೀನಿ. ಹೊಟ್ಟೆಪಾಡಿಗೆ ಹೇಳಿದ್ದೀನಿ. ಮುಳುಗೋಕೆ ಅಲ್ಲ."

"ಏನ್ರೀ, ನೀವಾದ್ರೂ ಹೇಳಿ" ಎಂದು ಗಂಡನ ಕಡೆ ತಿರುಗಿದಳು. ಅವನು ಸೋಪು ಹಚ್ಚಿ ಕೈಯಿನ ಗ್ರೀಸು ತೊಳೆಯುತ್ತಿದ್ದ. ಅದೇ ಕೈಯನ್ನು ಮತ್ತೆ ಮೊದಲಿಂದ ತೊಳೆಯಲು ಶುರು ಮಾಡಿದ.

"ಅಮ್ಮ ಹೇಳೋದೂ ಸರಿ" ಎಂದ. "ನೀನು ಹೇಳೋದೂ ಸರಿ."

"ನಿಮ್ಮ ಇಂಜಿನ್ ಹೀಗೆ ಎರಡೂ ಕಡೆ ತಿರುಗಿದ್ರೆ ದೋಣಿ ಎಲ್ಲಿಗೆ ಹೋಗುತ್ತೆ?"

"ಅಲ್ಲೇ ಇರುತ್ತೆ" ಎಂದ ಅವನು, ಪ್ರಾಮಾಣಿಕವಾಗಿ.

ಆ ಹುಣ್ಣಿಮೆಯ ಉಬ್ಬರ ಬಂತು ನೋಡಿ. ಸೊಸೆ ಬಚ್ಚಲ ತೂತಿಗೆ ಹಳೇ ಬಟ್ಟೆ ತುರುಕಿ, ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ರುಬ್ಬುವ ಕಲ್ಲು ಹೇರಿದ್ದಳು. ಸಮುದ್ರ ರುಬ್ಬುವ ಕಲ್ಲನ್ನು ಚೆಂಡಿನಂತೆ ಎತ್ತಿ ಎಸೆಯಿತು ಎಂದು ಅಜ್ಜಿ ಆಮೇಲೆ ಹೇಳುತ್ತಿದ್ದಳು. ಹಾಗೇನೂ ಇಲ್ಲ, ನೀರು ಕಲ್ಲಿನ ಸುತ್ತ ಸದ್ದಿಲ್ಲದೆ ಎದ್ದು ಬಂತು, ಅಷ್ಟೇ. ಮೊಮ್ಮಗಳು ಪುಸ್ತಕದ ಚೀಲವನ್ನು ಮೊಳೆಗೆ ಸಿಕ್ಕಿಸಿ ಮಂಚ ಹತ್ತಿದಳು. ಸೊಸೆ ಗಿರಾಕಿಗಳ ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು ನಿಂತಳು. ನೀರು ಇಟ್ಟಿಗೆ ಮುಳುಗಿಸಿ ಯಂತ್ರದ ಪೆಡಲಿಗೆ ಬಂತು. ಇದುವರೆಗೆ ಅದು ಪೆಡಲನ್ನು ಮುಟ್ಟಿರಲಿಲ್ಲ. ಅಜ್ಜಿ ಅಕ್ಕಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದಳು. ಅವಳ ತುಟಿ ಅಲುಗುತ್ತಿತ್ತು. ಬಯ್ಯುತ್ತಿದ್ದಳೋ ಬೇಡಿಕೊಳ್ಳುತ್ತಿದ್ದಳೋ ಸೊಸೆಗೆ ಕೇಳಿಸಲಿಲ್ಲ.

ನೀರಿಳಿದು ನೆಲ ಕಂಡ ಕೂಡಲೇ ಅಜ್ಜಿ ಬಕೆಟ್ಟು ಹುಡುಕಿದಳು.

"ಈ ಸಲ ಬೇಡ ಅತ್ತೆ" ಎಂದಳು ಸೊಸೆ. "ಗೆರೆ ಹಾಗೇ ಇರ್ಲಿ. ಮೇಡಂನ ಕರ್ಕೊಂಡು ಬಂದು ತೋರಿಸ್ತೀನಿ."

"ನನ್ನ ಗೋಡೆ ಇದು."

"ಸುಣ್ಣ ತೆಗೆದು ಬಚ್ಚಿಡ್ತೀನಿ ಹಾಗಾದ್ರೆ."

"ಬಚ್ಚಿಡು. ಉಗುಳು ಹಚ್ಚಿ ಬೆಳ್ಳಗೆ ಮಾಡ್ತೀನಿ."

ಸೊಸೆ ಬಾಗಿಲು ದಾಟಿ ಹೋದಳು. ಅವಳು ಮೇಡಂ ಜೊತೆ ಬರುವಷ್ಟರಲ್ಲಿ ಗೋಡೆ ಬೆಳ್ಳಗಾಗಿತ್ತು, ಇನ್ನೂ ಹಸಿಯಾಗಿತ್ತು. ಅಜ್ಜಿ ಮೊಣಕೈವರೆಗೂ ಸುಣ್ಣ ಮೆತ್ತಿಕೊಂಡು, ಏದುಸಿರು ಬಿಡುತ್ತಾ, ಬಂದವಳಿಗೆ ಕುರ್ಚಿ ಹಾಕಿದಳು. ಅತ್ತ ಬೇಕರಿಯ ಗೋಡೆ, ಇತ್ತ ಕ್ಷೌರದಂಗಡಿಯ ಗೋಡೆ, ಎಲ್ಲ ಹೀಗೇ ತೊಟ್ಟಿಕ್ಕುತ್ತಿದ್ದವು. ಮೇಡಂ ಬೆರಳಿನಿಂದ ಮುಟ್ಟಿ ನೋಡಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು.

"ಹಸಿ ಸುಣ್ಣದ ಮೇಲೆ ನಾನೇನು ಅಳೀಲಿ?" ಎಂದು ಹೊರಟುಹೋದಳು.

ಸೊಸೆ ಎರಡು ದಿನ ಅತ್ತೆಯ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟು, ಮಗಳ ಮೂಲಕ "ನಿಮ್ಮಜ್ಜಿಗೆ ಇನ್ನೂ ಅನ್ನ ಬೇಕಾ ಕೇಳು" ಎಂದಳು. "ಬೇಡ ಅಂತ ನಿಮ್ಮಮ್ಮಂಗೆ ಹೇಳು" ಎಂದಳು ಅಜ್ಜಿ. ಮಧ್ಯೆ ಕೂತ ಹುಡುಗಿ, "ನಂಗೆ ಸಂಬಳ ಕೊಡಿ ಇಬ್ಬರೂ" ಎಂದಳು. ಯಂತ್ರದ ಪೆಡಲು ತುಕ್ಕು ಹಿಡಿದು ಒಂದೊಂದು ತುಳಿತಕ್ಕೂ ಕಿರ್ ಎಂದು ಅಳುತ್ತಿತ್ತು. ಎಣ್ಣೆ ಬಿಡುತ್ತಾ ಕೂತ ಸೊಸೆಗೆ ಆಗ ಒಂದು ಯೋಚನೆ ಬಂತು. ಈ ಜನ ತಮ್ಮ ಮನೆಯ ವಿಷಯದಲ್ಲಿ ಸತ್ತರೂ ನಿಜ ಹೇಳುವುದಿಲ್ಲ. ಪಕ್ಕದ ಮನೆಯ ವಿಷಯ ಕೇಳಿದರೆ? ಎರಡೂ ಪಕ್ಕದವರು ಹೇಳಿದರೆ ಸಾಕು ಎಂದು ನಿಯಮವೇ ಇದೆಯಲ್ಲ.

ಅವಳು ಮನೆ ಮನೆಗೂ ಹೋದಳು. "ನಿಮ್ಮ ಮನೆ ವಿಷಯ ನೀವು ಹೇಳೋದೇ ಬೇಡ. ಸಭೆಯಲ್ಲಿ ಪಕ್ಕದ ಮನೆದು ಹೇಳಿ ಸಾಕು." ಕೇಳಿದವರ ಮುಖ ದೀಪ ಹಚ್ಚಿದ ಹಾಗಾಯಿತು. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ, "ಎಷ್ಟು ಬೇಕಾದ್ರೂ ಹೇಳ್ತೀನಿ" ಎಂದ. ಬೇಕರಿಯ ಆಚೆ ಪಕ್ಕದ ಸೈಕಲ್ ಅಂಗಡಿಯವನು ಅಲ್ಲೇ ಶುರು ಮಾಡಿಬಿಟ್ಟ. ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು.

ಬೇಕರಿಯಮ್ಮ ಹಿಟ್ಟು ನಾದುತ್ತಿದ್ದಳು. ಸುಣ್ಣ ಬಳಿಯಲು ಶುರು ಮಾಡಿದಂದಿನಿಂದ ಅವಳಿಗೂ ಅಜ್ಜಿಗೂ ಯಾರ ಗೋಡೆ ಬಿಳುಪು ಎನ್ನುವುದರಲ್ಲಿ ಜಿದ್ದು.

"ನಿಮ್ಮತ್ತೆ ಮನೆಗೆ ನೀರು ನುಗ್ಗುತ್ತೆ ಅಂತ, ಎಲ್ಲರ ಮುಂದೆ, ನಾನು ಎದ್ದು ನಿಂತು ಹೇಳ್ಬೇಕಾ?"

"ಹೇಳ್ಬೇಕು ಅಕ್ಕ."

"ಇದಕ್ಕೆ ನೀನು ಬಂದು ಕೇಳ್ಬೇಕೇನೆ? ಎಷ್ಟು ವರ್ಷದಿಂದ ಈ ಮಾತನ್ನ ಬಾಯಲ್ಲೇ ಇಟ್ಕೊಂಡಿದ್ದೀನಿ" ಎಂದು ಬೇಕರಿಯಮ್ಮ ಹಿಟ್ಟನ್ನು ಬಡಿದ ಬಡಿತಕ್ಕೆ ಮೇಜು ನಡುಗಿತು.

ಸೊಸೆ ಬಿಸಿ ಬನ್ನು ಕಟ್ಟಿಸಿಕೊಂಡು ಹಗುರಾಗಿ ಮನೆಗೆ ಬಂದಳು. ಅತ್ತೆ ಬಾಯಿ ಬಿಡದಿದ್ದರೂ ಚಿಂತೆಯಿಲ್ಲ ಎಂದುಕೊಂಡಳು. ಪಾಪ.

ಸಭೆ ನಡೆದದ್ದು ಶಾಲೆಯ ದೊಡ್ಡ ಕೋಣೆಯಲ್ಲಿ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ದೊಡ್ಡವರು ಓರೆಯಾಗಿ ಕೂತಿದ್ದರು. ಎದುರಿಗೆ ಕಚೇರಿಯ ದೊಡ್ಡ ಸಾಹೇಬರು, ಪಕ್ಕದಲ್ಲಿ ಮೇಡಂ, ಗೋಡೆಗೆ ಆ ನಕ್ಷೆ. ಬೀದಿಯ ಕೊನೆಯ ಮನೆಯಿಂದ ಶುರುವಾಯಿತು. ತಂತಮ್ಮ ಮನೆಯ ವಿಷಯ ಬಂದಾಗ ಎಲ್ಲರೂ ಕಿಟಕಿಯ ಹೊರಗೆ ನೋಡಿದರು; ಪಕ್ಕದ ಮನೆಯ ವಿಷಯ ಬಂದಾಗ ಸಾಹೇಬರು ಕೇಳುವ ಮೊದಲೇ ಎದ್ದರು. ಒಬ್ಬನ ಮನೆಯಲ್ಲಿ ಕಪ್ಪೆ ಸಂಸಾರ ಹೂಡಿತ್ತು. ಇನ್ನೊಬ್ಬಳ ಮನೆಯಲ್ಲಿ ಮಂಚ ತೇಲಿ, ಗಂಡ ನಿದ್ದೆಯಲ್ಲೇ ಅಡುಗೆಮನೆ ತಲುಪಿದ್ದ. ಮೇಡಂ ಒಂದೊಂದೇ ಮನೆಗೆ ನೀಲಿ ಪೆನ್ಸಿಲ್ ಎಳೆಯುತ್ತಾ ಬಂದಳು. ಸೊಸೆ ಮನಸ್ಸಿನಲ್ಲೇ ಒಂದೊಂದು ಮನೆಯನ್ನು ದಿಬ್ಬ ಹತ್ತಿಸುತ್ತಿದ್ದಳು.

ಬೇಕರಿಯ ಸರದಿ ಬಂತು. ಸೈಕಲ್ ಅಂಗಡಿಯವನು ಹೇಳಿ ಕೂತ. ಇನ್ನೊಂದು ಪಕ್ಕ ಅಜ್ಜಿ. ಅವಳು ಶಾಲು ಸರಿಮಾಡಿಕೊಂಡು ಎದ್ದಳು.

"ನುಗ್ಗುತ್ತಾ ಅಂತೀರಾ ಸಾಹೇಬ್ರೆ? ಹಿಟ್ಟಿನ ಮೂಟೆ ನೆನೆದು ಕಲ್ಲಾಯ್ತು. ಬಿಸಾಕಿದ್ಲಾ? ಇಲ್ಲ. ಅದರಲ್ಲೇ ಬನ್ ಮಾಡಿದ್ಲು. ನನ್ನ ಬಾಯಿ ನೋಡಿ, ಮೇಲಿನ ಸಾಲು ಪೂರ್ತಿ ಅವಳ ಬನ್ನಿಗೇ ಹೋಗಿದ್ದು."

ಕೋಣೆ ಬಿದ್ದು ಬಿದ್ದು ನಕ್ಕಿತು. ಸಾಹೇಬರೂ ನಕ್ಕರು. ನಗು ನಿಲ್ಲುತ್ತಲೇ ಇರಲಿಲ್ಲ. ನಿಂತಿತು ಎನ್ನುವಾಗ ಹಿಂದಿನ ಬೆಂಚಿನಲ್ಲಿ ಯಾರೋ 'ಕಲ್ಲು ಬನ್ನು' ಎಂದು ಮತ್ತೆ ಹೊತ್ತಿಸಿದರು. ಬೇಕರಿಯಮ್ಮ ನೆಲ ನೋಡುತ್ತಾ ಕೂತಿದ್ದಳು. ಕಿವಿಯ ತುದಿ ಕೂಡ ಕೆಂಪಾಗಿತ್ತು. ನೀಲಿ ಪೆನ್ಸಿಲ್ ಅವಳ ಮನೆಯ ಮೇಲೂ ಓಡಿತು.

"ಮುಂದಿನ ಮನೆ" ಎಂದರು ಸಾಹೇಬರು. ಅದು ಅಜ್ಜಿಯದು. "ಅಜ್ಜಿ, ನೀವೇ ಹೇಳ್ತೀರಾ?"

ಅಜ್ಜಿ ಕಿಟಕಿಯ ಹೊರಗೆ ನೋಡಿದಳು.

"ಪಕ್ಕದವರು?"

ಬೇಕರಿಯಮ್ಮ ನಿಧಾನವಾಗಿ ಎದ್ದಳು. ಸೊಸೆ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನು ಸೇಡಿನ ಮಾತು ಬರುತ್ತದೆ, ಎಷ್ಟು ಕೆಟ್ಟದ್ದಾದರೂ ಬರಲಿ, ಬೈಗುಳ ಬೇಕಾದರೂ ಸೇರಲಿ ಎಂದುಕೊಂಡಳು. ಬೇಕರಿಯಮ್ಮ ಅಜ್ಜಿಯ ಕಡೆ ನೋಡಿದಳು. ಸುಣ್ಣ ತಿಂದು ಬಿರಿದ ಅವಳ ಕೈಗಳನ್ನು ನೋಡಿದಳು. ನಗಲು ಸಿದ್ಧವಾಗಿ ಕೂತ ಜನರನ್ನೂ ನೋಡಿದಳು.

"ಅವರ ಮನೆಗೆ ನೀರು ಬರಲ್ಲ" ಎಂದಳು.

ಸೊಸೆಗೆ ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಎನ್ನಿಸಿತು.

"ಆ ಮನೆ ಕಟ್ಟಿದೋರು ಎತ್ತರ ನೋಡಿ ಕಟ್ಟಿದ್ರು. ಇಡೀ ಬೀದೀಲಿ ಅದೊಂದೇ ಒಣ ಮನೆ. ನಾವೆಲ್ಲ ಒದ್ದೆ" ಎಂದು ಹೇಳಿ ಬೇಕರಿಯಮ್ಮ ಕೂತಳು. ಕರುಣೆಯೋ, ಕರುಣೆಯ ಬಟ್ಟೆ ತೊಟ್ಟ ಸೇಡೋ, ಅವಳ ಮುಖ ನೋಡಿ ಹೇಳುವಂತಿರಲಿಲ್ಲ. ಇನ್ನೊಂದು ಪಕ್ಕದ ಕ್ಷೌರದಂಗಡಿಯವನು ಎದ್ದ. ಅವಳನ್ನು ನೋಡಿದ, ಅಜ್ಜಿಯನ್ನು ನೋಡಿದ, ತಲೆ ಕೆರೆದುಕೊಂಡ. "ಹೌದು, ಒಣಗಿರುತ್ತೆ" ಎಂದು ಗೊಣಗಿ ಕೂತುಬಿಟ್ಟ.

"ಸುಳ್ಳು" ಎಂದು ಸೊಸೆ ಎದ್ದಳು. "ಹೋದ ಹುಣ್ಣಿಮೆಗೆ ನನ್ನ ಯಂತ್ರದ ಪೆಡಲಿನವರೆಗೂ ಬಂದಿತ್ತು."

"ಮನೆ ನಿಮ್ಮ ಹೆಸರಲ್ಲಿದೆಯಾ?" ಎಂದರು ಸಾಹೇಬರು.

"ಇಲ್ಲ."

"ಕೂತ್ಕೊಳ್ಳಿ."

ಅವಳು ಕೂರಲಿಲ್ಲ, ಗಂಡನ ಕಡೆ ನೋಡಿದಳು. ಅವನು ಮಾಡಿನ ತೊಲೆಗಳನ್ನು ನೋಡುತ್ತಿದ್ದವನು ಕಣ್ಣಿಳಿಸಿ, ಗಂಟಲು ಸರಿಮಾಡಿಕೊಂಡು, "ಅಮ್ಮ" ಎಂದ. ಅಷ್ಟೇ ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ. ಮೊಮ್ಮಗಳು ನಗುತ್ತಿರಲಿಲ್ಲ. "ಅಜ್ಜಿ, ಬೀದಿಯೋರೆಲ್ಲ ಹೋದ್ಮೇಲೆ ನಾವೊಬ್ಬರೇ ಅಲ್ಲಿರ್ತೀವಾ?" ಎಂದಳು, ಪಿಸುಮಾತಿನಲ್ಲಿ. ಕೋಣೆಯೆಲ್ಲ ಅದನ್ನು ಕೇಳಿಸಿಕೊಂಡಿತು.

"ಎರಡೂ ಪಕ್ಕದೋರು ಒಣ ಅಂದಿದ್ದಾರೆ" ಎಂದರು ಸಾಹೇಬರು. "ಅಜ್ಜಿ, ನೀವು ಏನಾದ್ರೂ ಹೇಳೋದಿದ್ರೆ ಈಗಲೇ. ಇಲ್ಲಾಂದ್ರೆ ಬಿಳಿ ಅಂತ ಬಿಟ್ಟು ಮುಂದೆ ಹೋಗ್ತೀವಿ." ಮೇಡಂ ನೀಲಿ ಪೆನ್ಸಿಲನ್ನು ಹಿಡಿದೂ ಹಿಡಿಯದ ಹಾಗೆ ಹಿಡಿದು ಕಾದಳು.

ಅಜ್ಜಿ ಬೆಂಚಿಗೆ ಕೈಯೂರಿ ಎದ್ದಳು. ಎದ್ದವಳು ಸಾಹೇಬರ ಕಡೆ ನೋಡಲಿಲ್ಲ.

"ಅವಳು ಈಗ ಹೇಳಿದ್ಲಲ್ಲ" ಎಂದಳು. "ಅದನ್ನ ಇನ್ನೊಂದು ಸಲ ಹೇಳೋಕೆ ಹೇಳಿ."

"ಯಾಕಜ್ಜಿ?"

"ಹಿಂದಿನ ಬೆಂಚಿನೋರಿಗೆ ಕೇಳ್ಸಿಲ್ಲ."

ಬೇಕರಿಯಮ್ಮ ಮತ್ತೆ ಎದ್ದಳು. "ಎತ್ತರ ನೋಡಿ ಕಟ್ಟಿದ ಮನೆ. ಇಡೀ ಬೀದೀಲಿ ಅದೊಂದೇ ಒಣ ಮನೆ."

ಅಜ್ಜಿ ಕಣ್ಣು ಮುಚ್ಚಿ, ಬೆಲ್ಲದ ಚೂರನ್ನು ದವಡೆಯಲ್ಲಿಟ್ಟುಕೊಂಡು ಚೀಪುವವಳ ಹಾಗೆ, ಅದನ್ನು ಕೊನೆಯವರೆಗೂ ಕೇಳಿದಳು. ಆಮೇಲೆ ಕಣ್ಣು ಬಿಟ್ಟು, ಬೆಂಚುಗಳ ಕಡೆ ಒಂದು ಸುತ್ತು ತಿರುಗಿ, "ಎಲ್ಲರೂ ಕೇಳಿದ್ರಲ್ಲ?" ಎಂದಳು. ಯಾರೂ ನಗಲಿಲ್ಲ. ಸೊಸೆ ನಿಂತೇ ಇದ್ದಳು. ಅಜ್ಜಿ ಕೈ ಚಾಚಿ, ತಾನು ಬಿದ್ದುಹೋಗದ ಹಾಗೆ ಅವಳ ಭುಜವನ್ನು ಹಿಡಿದುಕೊಂಡಳು. ಆಮೇಲೆ ಸಾಹೇಬರ ಕಡೆಗೆ ತಿರುಗಿ ಬಾಯಿ ತೆರೆದಳು.

ಏನೆಂದಳು? ಇಷ್ಟು ಹೊತ್ತು ಅವಳ ಜೊತೆ ಕೂತವರು ನೀವು, ಅವಳ ಬಾಯಿ ಎಂಥದ್ದೆಂದು ನೋಡಿದ್ದೀರಿ. ಕಥೆಯನ್ನೆಲ್ಲ ಒಬ್ಬರೇ ಹೇಳುವುದು ಯಾವ ನ್ಯಾಯ? ಮೇಡಂ ಕೈಯಲ್ಲಿ ಪೆನ್ಸಿಲ್ ಹಾಗೇ ನಿಂತಿದೆ. ಈಗ ನೀವು ಹೇಳಿ.